ಯಾವ ಸಂಘ ಸೇರಲಿ, ಯಾವ ಹೆಡ್‌ನಿಂದ ಕಟ್ಟಲಿ?

ಸಂಘದ ವಿಷಯದಲ್ಲಿ ಮುಂಬಯಿ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಿಲ್ಲ. ಊರಿಗೊಂದು, ಜಾತಿಗೊಂದು, ಅದರಲ್ಲಿ ಜಗಳವಾದರೆ ಇನ್ನೊಂದು. ಆದರೂ ಇಲ್ಲಿನ ಮತ್ತು ಪುಣೆಯ ಸಂಶೋಧನಾ ಸಂಸ್ಥೆಗಳ ಗ್ರಾಂಟ್ ಸೆಕ್ಷನ್‌ನಲ್ಲಿರುವ ನಮ್ಮವರಿಗೆ ಈಚೆಗೆ ಹೊಸ ಚಿಂತೆ: ರಿಸರ್ಚ್ ಅಡ್ಮಿನಿಸ್ಟ್ರೇಟರುಗಳ, ಅಂದರೆ ಸಂಶೋಧನೆಯ ಅನುದಾನ, ಲೆಕ್ಕಪತ್ರ ನೋಡಿಕೊಳ್ಳುವವರ, ಯಾವ ಸಂಘ ಸೇರುವುದು?

ಅಮೆರಿಕದ್ದೇ ಎರಡಿವೆ, 1959ರ ಎನ್‌ಕ್ಯುರಾ ಮತ್ತು 1967ರ ಎಸ್‌ಆರ್‌ಎ. ಬ್ರಿಟನ್ನಿನದು ಆರ್ಮಾ, ಯುರೋಪಿನದು ಇಆರ್ಮಾ. ಇನಾರ್ಮ್ಸ್ ಎಂಬುದು ಇಂಥ ಸಂಘಗಳ ಸಂಘ. ಅಲ್ಲಿ ಮನುಷ್ಯರು ಸೇರುವಂತಿಲ್ಲ, ಸಂಘಗಳೇ ಸೇರಬೇಕು. ಒಕ್ಕೂಟ ಕಟ್ಟಿ ಪಳಗಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ? ನಮ್ಮ ದೇಶದಲ್ಲೂ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್ 2018ರಲ್ಲಿ ಈ ಕೆಲಸದವರಿಗಾಗಿ ಒಂದು ಉಪಕ್ರಮ ಶುರುಮಾಡಿತು, ಆದರೆ ಅದರಲ್ಲಿ ಡಾಲರಿನ ಗಮ್ಮತ್ತಿಲ್ಲ.

ಹೆಸರಿನ ಪಕ್ಕ ಸಿಆರ್‌ಎ (ಸರ್ಟಿಫೈಡ್ ರಿಸರ್ಚ್ ಅಡ್ಮಿನಿಸ್ಟ್ರೇಟರ್) ಎಂದು ಬರೆದುಕೊಳ್ಳಲು ಚಂದಾ ಕಟ್ಟಿದರೆ ಸಾಲದು; ಆ ಪರೀಕ್ಷೆ ನಡೆಸುವ ಕೌನ್ಸಿಲೇ ಬೇರೆ. 250 ಪ್ರಶ್ನೆ, ನಾಲ್ಕು ತಾಸು, ಅಮೆರಿಕದ ಫೆಡರಲ್ ನಿಯಮಗಳೇ ಬಹುಪಾಲು. ಸರ್ಕಾರದೊಡನೆ ದರ ಕುದುರಿಸಿಕೊಳ್ಳದ ಸಂಸ್ಥೆಗೆ ಅಲ್ಲಿ ಸಿಗುವ ಓವರ್‌ಹೆಡ್, ಅಂದರೆ ಕಟ್ಟಡ, ಕಚೇರಿಯಂಥ ಮೇಲುಖರ್ಚಿನ ಪಾಲು, 2024ರ ಅಕ್ಟೋಬರಿನಲ್ಲಿ ಶೇ. 10ರಿಂದ 15ಕ್ಕೆ ಏರಿತೆಂದು ಓದಿದವರು ನಿದ್ದೆಯಲ್ಲೂ ಹೇಳಿಯಾರು. ಬೆಳಗ್ಗೆ ಮೇಜಿನ ಮೇಲೆ ಕಾದಿರುವುದು ಮಾತ್ರ ಜಿಎಫ್‌ಆರ್ 12-ಎ, ಅಂದರೆ ಸರ್ಕಾರದ ಅನುದಾನ ಎಲ್ಲಿ ಖರ್ಚಾಯಿತೆಂದು ಲೆಕ್ಕ ಒಪ್ಪಿಸುವ ಯುಟಿಲೈಸೇಶನ್ ಸರ್ಟಿಫಿಕೇಟು.

ಡೀಪ್ ಫ್ರೀಜರಿನ ಬಿಲ್ಲನ್ನು ಪ್ರೊಫೆಸರ್ ಸಾಹೇಬರು ಕನ್ಸ್ಯೂಮೆಬಲ್ಸ್‌ಗೆ, ಅಂದರೆ ಬಳಸಿ ಮುಗಿಯುವ ಸಾಮಾನಿನ ಲೆಕ್ಕಕ್ಕೆ, ಹಾಕಿರುತ್ತಾರೆ. ಅದು ಕ್ಯಾಪಿಟಲ್ ಹೆಡ್‌ನದು, ಬಾಳಿಕೆಯ ಯಂತ್ರೋಪಕರಣಗಳ ಬಾಬ್ತಿನದು. ಮೈಕ್ರೋಸ್ಕೋಪಿಗೆ ಕೊಟ್ಟ ಅಡ್ವಾನ್ಸು ಖರ್ಚಿನ ಕಾಲಮಿನಲ್ಲಿದೆ, ಮೈಕ್ರೋಸ್ಕೋಪು ಇನ್ನೂ ಜರ್ಮನಿಯಲ್ಲಿದೆ. ಬ್ಯಾಂಕ್ ಕೊಟ್ಟ ಬಡ್ಡಿ ಭಾರತಕೋಶವೆಂಬ ಆನ್‌ಲೈನ್ ಖಜಾನೆಯ ಮೂಲಕ ಸರ್ಕಾರಕ್ಕೆ ಹೋಗಬೇಕಿತ್ತು, ಕೆಮಿಕಲ್ಸ್ ಆಗಿ ಫ್ಲಾಸ್ಕಿನಲ್ಲಿ ಕುದಿಯುತ್ತಿದೆ. ಹೋದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸಿಗೂ ಈ ವರ್ಷದ ಓಪನಿಂಗಿಗೂ ಒಂದು ರೂಪಾಯಿ ಹೊಂದದಿದ್ದರೆ ಕಾಗದ ವಾಪಸು, ಮುಂದಿನ ಕಂತು ಬಂದ್, ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಹುಡುಗರ ಫೆಲೋಶಿಪ್ಪೂ ಬಂದ್. ಆ 250ರಲ್ಲಿ ಈ ಪ್ರಶ್ನೆ ಬರುವುದಿಲ್ಲ.

ಇರಲಿ, ಸಂಘ ಆರಿಸಿದ್ದಾಯಿತು. ಚಂದಾ ಕಟ್ಟಬೇಕಲ್ಲ! ಪ್ರಾಜೆಕ್ಟಿನಲ್ಲಿ ಮೆಂಬರ್‌ಶಿಪ್ ಎಂಬ ಹೆಡ್ಡೇ ಇಲ್ಲ. ಕಂಟಿಂಜೆನ್ಸಿಗೆ, ಅಂದರೆ ಚಿಲ್ಲರೆ ಖರ್ಚಿಗೆ, ಹಾಕಿದರೆ ಆಡಿಟರು ಹುಬ್ಬೇರಿಸುತ್ತಾರೆ. ಓವರ್‌ಹೆಡ್ ಎನ್ನೋಣವೆಂದರೆ ಅಲ್ಲಿ ಎಸಿ ರಿಪೇರಿ, ಸೆಕ್ಯುರಿಟಿ ಗಾರ್ಡು, ಡೈರೆಕ್ಟರ್ ಸಾಹೇಬರ ಕಾರಿನ ಡೀಸೆಲ್ಲು ಆಗಲೇ ಕಾಲು ಚಾಚಿ ಕೂತಿವೆ. ಸಂಸ್ಥೆಯಿಂದ ಡಾಲರ್ ಕಳಿಸಲು ಬ್ಯಾಂಕಿಗೆ ತೆರಿಗೆಯ ಘೋಷಣಾ ಪತ್ರ ಬೇಕು. ಸ್ವಂತ ಕಾರ್ಡು ಉಜ್ಜಿ ರೀಇಂಬರ್ಸ್‌ಮೆಂಟ್ ಕೇಳಿದರೆ, ರಸೀದಿ ಸಂಸ್ಥೆಯ ಹೆಸರಿನಲ್ಲಿಲ್ಲ ಎಂಬ ಆಕ್ಷೇಪಣೆ. ಅದನ್ನು ಬರೆದು ಫೈಲು ಹಿಂತಿರುಗಿಸುವುದು ಗ್ರಾಂಟ್ ಸೆಕ್ಷನ್ನೇ. ಅರ್ಜಿಗೂ ಆಕ್ಷೇಪಣೆಗೂ ಸಹಿ ಒಬ್ಬರದೇ.