ಒಂದು ಚೀಲ ಗೋಧಿಗೆ ಜೈಲು: ಸಸ್ಕ್ಯಾಚೆವಾನ್‌ನಲ್ಲಿ ಕೂತು ನೋಡಿದ ಎಪಿಎಂಸಿ ಜಗಳ

ತಾನು ಬೆಳೆದ ಗೋಧಿಯನ್ನು ತಾನೇ ಗಡಿ ದಾಟಿಸಿದ್ದಕ್ಕೆ ರೈತ ಜೈಲಿಗೆ ಹೋದ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ಕೆನಡಾದಲ್ಲಿ ಹಾಗಾಗಿದೆ. ತೀರಾ ಹಳೆಯ ಮಾತೂ ಅಲ್ಲ, 2002ರದ್ದು. ಆಲ್ಬರ್ಟಾ ಪ್ರಾಂತ್ಯದ 13 ರೈತರು ಪರವಾನಗಿ ಇಲ್ಲದೆ ಅಮೆರಿಕಕ್ಕೆ ಧಾನ್ಯ ಒಯ್ದಿದ್ದರು. ಕೋರ್ಟು ದಂಡ ಹಾಕಿತು. ಕಟ್ಟುವುದಿಲ್ಲ ಅಂದರು. ಅಕ್ಟೋಬರ್ 31ರಂದು ಲೆತ್‌ಬ್ರಿಡ್ಜ್‌ನಲ್ಲಿ ದೊಡ್ಡ ಸಭೆ ನಡೆಯಿತು. ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ರಾಲ್ಫ್ ಕ್ಲೈನ್ ಕೂಡ ಬಂದಿದ್ದರು. ಸಭೆ ಮುಗಿಸಿ ಆ 13 ರೈತರೂ ಜೈಲಿಗೆ ಹೋದರು. ಅವರಲ್ಲಿ ಒಬ್ಬರು ಒಯ್ದಿದ್ದು ಒಂದೇ ಬುಶೆಲ್, ಸುಮಾರು 27 ಕಿಲೋ ಗೋಧಿ. ಅದನ್ನೂ ಮಾರಿರಲಿಲ್ಲ, ಮೊಂಟಾನಾದ ಮಕ್ಕಳ ಕೃಷಿ ಕ್ಲಬ್ಬಿಗೆ ದಾನ ಕೊಟ್ಟಿದ್ದರು.

ಕಾರಣ, ಕೆನಡಾದ ಗೋಧಿ ಮಂಡಳಿ. 1935ರಲ್ಲಿ ಶುರುವಾದಾಗ ಬೇಕಿದ್ದವರು ಅದಕ್ಕೆ ಮಾರಬಹುದಿತ್ತು. ಯುದ್ಧದ ನಡುವೆ, 1943ರಲ್ಲಿ, ಕಡ್ಡಾಯವಾಯಿತು. ಯುದ್ಧ ಮುಗಿದರೂ ಕಡ್ಡಾಯ ಹೋಗಲಿಲ್ಲ. ನಾನಿರುವ ಸಸ್ಕ್ಯಾಚೆವಾನ್, ಆಲ್ಬರ್ಟಾ, ಮ್ಯಾನಿಟೋಬಾ, ಈ ಪಶ್ಚಿಮದ ಪ್ರಾಂತ್ಯಗಳ ರೈತರು ರಫ್ತಿನ ಗೋಧಿ, ಬಾರ್ಲಿಯನ್ನು ವಿನ್ನಿಪೆಗ್‌ನ ಆ ಮಂಡಳಿಗೇ ಕೊಡಬೇಕಿತ್ತು. ಊಟಕ್ಕೆ ಹೋಗುವ ಗೋಧಿಗೆ ದೇಶದೊಳಗೂ ಅದೇ ನಿಯಮ. ಕಬ್ಬಿನ ಬಿಲ್ಲಿನ ಹಾಗೆ ದುಡ್ಡು ಕಂತಿನಲ್ಲಿ: ಹಾಕಿದಾಗ ಒಂದಿಷ್ಟು, ವರ್ಷದ ಲೆಕ್ಕ ಮುಗಿದ ಮೇಲೆ ಉಳಿದದ್ದು. ನೀವೇ ಗಡಿಯಾಚೆ ಮಾರುತ್ತೀರಾ? ಹಾಗಾದರೆ ಮೊದಲು ಮಂಡಳಿಗೆ ಮಾರಿ, ಅದು ಹೇಳಿದ ರೇಟಿಗೆ ನಿಮ್ಮ ಗೋಧಿಯನ್ನೇ ವಾಪಸ್ ಕೊಂಡುಕೊಳ್ಳಬೇಕು. ಗೋಧಿ ಮಾತ್ರ ಕಣಜದಿಂದ ಆಚೆ ಹೋಗಿರುವುದಿಲ್ಲ!

ಅದೇ ರೈತ ಪಕ್ಕದ ಹೊಲದಲ್ಲಿ ಮಸೂರ ಹಾಕಿದರೆ ಯಾರಿಗೆ ಬೇಕಾದರೂ ಮಾರಬಹುದಿತ್ತು. ಕನೋಲಾ ಅನ್ನುವ ಎಣ್ಣೆಕಾಳಿಗೂ ಈ ಕಟ್ಟುಪಾಡು ಇರಲಿಲ್ಲ. ಇಲ್ಲಿನ ಮಸೂರ, ಬಟಾಣಿ ನಮ್ಮ ದೇಶದ ಅಂಗಡಿಗಳಿಗೆ ಬರುವುದು ಹೊಸದೇನಲ್ಲ. ಇನ್ನು ಪೂರ್ವದ ಒಂಟಾರಿಯೋ ಪ್ರಾಂತ್ಯದ ಗೋಧಿ ರೈತರು ಈ ಮಂಡಳಿಯ ಕೈಕೆಳಗೇ ಇರಲಿಲ್ಲ. ಒಂದೇ ದೇಶ, ಒಂದೇ ಬೆಳೆ, ಪೂರ್ವದವನಿಗೊಂದು ಕಾನೂನು, ಪಶ್ಚಿಮದವನಿಗೊಂದು.

ಪೇಟೆಯ ಜನರನ್ನು ತಟ್ಟಿದ್ದು ಇದೇ ಅನ್ನುವುದು ನನ್ನ ಲೆಕ್ಕ. ಮಂಡಳಿ ಇದ್ದರೆ ಲಾಭವೋ ಇಲ್ಲದಿದ್ದರೆ ಲಾಭವೋ ಅಂತ ಎರಡೂ ಕಡೆಯ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಕಿತ್ತಾಡಿದರು. ಕ್ಯಾಲ್ಗರಿಯ ಆಫೀಸಿನಲ್ಲಿ ಕೂತವನಿಗೆ ಆ ಕೋಷ್ಟಕಗಳು ಯಾಕೆ ಬೇಕು? ಮಕ್ಕಳಿಗೆ ಒಂದು ಚೀಲ ಗೋಧಿ ಕೊಟ್ಟವನಿಗೆ ಶಿಕ್ಷೆ ಅಂದರೆ ಯಾರಿಗಾದರೂ ಅರ್ಥವಾಗುತ್ತದೆ, ಅಲ್ವಾ? ಅದನ್ನು ಹೇಳಿದ್ದೂ ಮಂತ್ರಿಯಲ್ಲ, ಜೈಲಿಗೆ ಹೋಗುವ ರೈತನೇ.

ಎಪಿಎಂಸಿ ಯಾರ್ಡಿನ, ಅಂದರೆ ಸರ್ಕಾರಿ ಕೃಷಿ ಮಾರುಕಟ್ಟೆಯ, ಹೊರಗೂ ಮಾರಲು ಬಿಡುವ ಕೇಂದ್ರದ ಕಾನೂನು 2020ರಲ್ಲಿ ಬಂದಾಗ ನಮ್ಮಲ್ಲಿ ಆದದ್ದು ಇದರ ತಿರುಗುಮುರುಗು. ಮಾರುಕಟ್ಟೆ ಬಿಚ್ಚಿ ಅಂತ ರಸ್ತೆಗಿಳಿದ ರೈತ ನಮ್ಮಲ್ಲಿ ಇರಲೇ ಇಲ್ಲ ಅನ್ನುವಂತಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ ಶರದ್ ಜೋಶಿಯವರ ಶೇತಕರಿ ಸಂಘಟನೆ ಎಷ್ಟೋ ವರ್ಷ ಅದನ್ನೇ ಕೇಳಿತ್ತು. ಕರ್ನಾಟಕದ ಹಾದಿ ಬೇರೆ ಇತ್ತು. 1992ರ ಡಿಸೆಂಬರ್‌ನಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನಲ್ಲಿ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ್ದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇಲ್ಲಿನ ರೈತರ ಒಂದು ಗುಂಪು ಮಂಡಳಿ ಬೇಡ, ಕಾರ್ಗಿಲ್‌ನಂಥ ಕಂಪನಿಗಳಿಗೆ ನಾವೇ ಮಾರುತ್ತೇವೆ ಅನ್ನುತ್ತಿತ್ತು. ಇರಲಿ. ದೆಹಲಿ ಮಾತ್ರ ಜೋಶಿಯವರ ಹಿಂದಿದ್ದ ರೈತರನ್ನೂ ಮುಂದೆ ನಿಲ್ಲಿಸಲಿಲ್ಲ. ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಧ್ವನಿಮತ, ಮುಗಿಯಿತು. ದೇಶ ಆಮೇಲೆ ನೋಡಿದ್ದು ದೆಹಲಿ ಗಡಿಯಲ್ಲಿ ಚಳಿಯಲ್ಲಿ ಕೂತ ಪಂಜಾಬಿನ ಅಜ್ಜಂದಿರನ್ನು. 2021ರ ನವೆಂಬರ್‌ನಲ್ಲಿ ಕಾನೂನು ವಾಪಸ್.

ಕೆನಡಾದ ಸರ್ಕಾರ ಏನು ಸಾಚಾ ಅಲ್ಲ. 2007ರಲ್ಲಿ ಬಾರ್ಲಿ ಬಗ್ಗೆ ರೈತರ ಮತ ಕೇಳಿದಾಗ ಸುಮಾರು 62% ಜನ ಮಂಡಳಿಯ ಏಕಸ್ವಾಮ್ಯ ಬೇಡ ಅಂದಿದ್ದರು. ಗೋಧಿ ಬಗ್ಗೆ 2011ರಲ್ಲಿ ಮಂಡಳಿ ತಾನೇ ಮತ ಹಾಕಿಸಿತು. ಮತ ಹಾಕಿದವರಲ್ಲಿ 62% ಏಕಸ್ವಾಮ್ಯ ಇರಲಿ ಅಂದರು! ಆಗಿನ ಪ್ರಧಾನಿ ಸ್ಟೀಫನ್ ಹಾರ್ಪರ್ ಸರ್ಕಾರ ಅದನ್ನು ಕಿವಿಗೆ ಹಾಕಿಕೊಳ್ಳದೆ ಡಿಸೆಂಬರ್‌ನಲ್ಲಿ ಕಾನೂನು ಮಾಡಿತು. 2012ರ ಆಗಸ್ಟ್ 1ರಿಂದ ಮಾರಾಟ ಮುಕ್ತ. ಅದೇ ದಿನ ಹಾರ್ಪರ್ ಸಸ್ಕ್ಯಾಚೆವಾನ್‌ನ ಕಿಂಡರ್ಸ್ಲಿ ಬಳಿಯ ಒಂದು ಹೊಲಕ್ಕೆ ಬಂದು, ಶಿಕ್ಷೆಯಾದ ರೈತರಿಗೆ ಕ್ಷಮಾದಾನ ಘೋಷಿಸಿದರು. ಇಲ್ಲಿ ನಮ್ಮ ಬೀದಿಯಲ್ಲಿ ಬೇಸಾಯ ಬಿಟ್ಟು ಪೇಟೆ ಸೇರಿದ ಒಬ್ಬ ಅಜ್ಜ ಇದ್ದಾರೆ. ಮುಕ್ತ ಮಾರುಕಟ್ಟೆಯ ಬಗ್ಗೆ ಅವರಿಗೆ ಅಷ್ಟೇನೂ ಸಿಟ್ಟಿಲ್ಲ. ನಮ್ಮನ್ನೊಂದು ಮಾತು ಕೇಳಲಿಲ್ಲ ಅನ್ನುವ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಹಾಗಿದ್ದರೂ ಇಲ್ಲಿ ಹೆದ್ದಾರಿಗಳಲ್ಲಿ ಯಾರೂ ಡೇರೆ ಹಾಕಲಿಲ್ಲ. ಯಾಕೆ? ಮಂಡಳಿಯ ಏಕಸ್ವಾಮ್ಯ ಹೋಯಿತು, ತೂಕ ಮತ್ತು ದರ್ಜೆಯ ಮೇಲಿನ ಕಾವಲು ಹೋಗಲಿಲ್ಲ.

ಸುಗ್ಗಿಯಲ್ಲಿ ಒಮ್ಮೆ ಎಲಿವೇಟರ್ ಕಡೆ ಹೋಗಿ ನೋಡಬೇಕು. ಎಲಿವೇಟರ್ ಅಂದರೆ ರೈಲು ಹಳಿಯ ಪಕ್ಕದ ಎತ್ತರದ ಧಾನ್ಯದ ಗೋದಾಮು. ಲಾರಿ ವೇಬ್ರಿಡ್ಜ್ ಮೇಲೆ ನಿಲ್ಲುತ್ತದೆ. ಮೇಲಿನಿಂದ ಒಂದು ಕೊಳವೆ ಲೋಡಿನೊಳಗೆ ಇಳಿದು ಕಾಳು ಎಳೆದುಕೊಳ್ಳುತ್ತದೆ. ಒಳಗೆ ಜರಡಿ ಹಿಡಿದು ಕಸ ಎಷ್ಟು, ತೇವ ಎಷ್ಟು, ಪ್ರೋಟೀನ್ ಎಷ್ಟು ಅಂತ ಅಳೆಯುತ್ತಾರೆ. ಕಂಪನಿ ಹೇಳಿದ ದರ್ಜೆ ರೈತನಿಗೆ ಒಪ್ಪಿಗೆಯಾಗಲಿಲ್ಲ ಅನ್ನಿ. ಸ್ಯಾಂಪಲ್ಲನ್ನು ಸರ್ಕಾರದ ಧಾನ್ಯ ಆಯೋಗಕ್ಕೆ ಕಳಿಸಿ ಅನ್ನಬಹುದು. ಅಲ್ಲಿಂದ ಬಂದ ಉತ್ತರವನ್ನು ಇಬ್ಬರೂ ಒಪ್ಪಲೇಬೇಕು. ಈ ಆಯೋಗ 1912ರಿಂದ ಇದೆ. ಧಾನ್ಯ ಕೊಳ್ಳುವ ಕಂಪನಿ ಇದರಿಂದ ಲೈಸೆನ್ಸ್ ಪಡೆಯಬೇಕು, ರೈತರಿಗೆ ಕೊಡಬೇಕಾದ ಬಾಕಿಗೆ ತಕ್ಕ ಭದ್ರತೆಯನ್ನೂ ಇಡಬೇಕು. ಕಂಪನಿ ಮುಳುಗಿದರೆ ಆ ಭದ್ರತೆಯಿಂದ ರೈತನಿಗೆ ದುಡ್ಡು ಹೋಗುತ್ತದೆ.

ನಮ್ಮ 2020ರ ಕೇಂದ್ರ ಕಾನೂನಿನಲ್ಲಿ ಯಾರ್ಡಿನ ಹೊರಗೆ ಕೊಳ್ಳಲು ಪ್ಯಾನ್ ಕಾರ್ಡ್ ಇದ್ದರೆ ಸಾಕಿತ್ತು. ಮೂರು ದಿನದೊಳಗೆ ದುಡ್ಡು ಕೊಡಬೇಕು ಅಂತ ಬರೆದಿತ್ತು, ನಿಜ. ಕೊಡದಿದ್ದರೆ? ಉಪವಿಭಾಗಾಧಿಕಾರಿ ಕಚೇರಿಗೆ ಅಲೆಯಬೇಕು, ಸಿವಿಲ್ ಕೋರ್ಟಿಗೆ ಹೋಗುವ ಹಾಗಿಲ್ಲ. ನಮ್ಮದು ದಾವಣಗೆರೆ ಕಡೆಯ ಮೆಕ್ಕೆಜೋಳದ ಊರು. ಕಣಕ್ಕೇ ಬಂದು ತೂಕ ಹಾಕಿಕೊಂಡು ಹೋಗುವ ವ್ಯಾಪಾರಿಗಳು ಕಾನೂನು ಬರುವ ಮುಂಚೆಯೂ ಇದ್ದರು. ಹಿಡಿ ಕಾಳು ತೆಗೆದು, ಒಂದನ್ನು ಹಲ್ಲಲ್ಲಿ ಕಚ್ಚಿ "ಹಸಿ ಐತ್ರಿ ಗೌಡ್ರೇ" ಅಂದರೆ ಕ್ವಿಂಟಲ್‌ಗೆ ಇಷ್ಟು ಮುರಿದುಕೊಂಡ ಹಾಗೆಯೇ. ಹಾಗೆ ತುಂಬಿಕೊಂಡು ಹೋದವನೊಬ್ಬ ಅರ್ಧ ಊರಿನ ದುಡ್ಡು ಉಳಿಸಿಕೊಂಡು ಫೋನ್ ಆಫ್ ಮಾಡಿದ. ಅಪ್ಪ ಈಗಲೂ ದಲ್ಲಾಳಿಯನ್ನು ಬೈಯುತ್ತಲೇ ಯಾರ್ಡಿಗೇ ಹೋಗುತ್ತಾರೆ. "ಕಮಿಷನ್ ಜಾಸ್ತಿ ಹಿಡಿತಾನೆ, ಆದ್ರೆ ನಾಳೆ ಅವನ ಅಂಗಡಿ ಅಲ್ಲೇ ಇರ್ತದೆ" ಅನ್ನುವುದು ಅವರ ವಾದ. ಇಂಥವರ ಮುಂದೆ ಸುಮ್ನೆ "ನಿಮಗೆ ಸ್ವಾತಂತ್ರ್ಯ ಬಂತು" ಅಂದರೆ ನಗುತ್ತಾರೆ ಅಷ್ಟೆ.

ಇಲ್ಲೂ ಮುಕ್ತ ಮಾರಾಟ ಬಂದ ಕೂಡಲೇ ರೈತರಿಗೆ ಸುಗ್ಗಿಯಾಗಿಬಿಡಲಿಲ್ಲ. 2013ರಲ್ಲಿ ಬೆಳೆ ಬಂಪರ್. ಸಾಗಿಸಲು ರೈಲು ಸಿಗಲಿಲ್ಲ, ಕಣಜ ತುಂಬಿ ರೇಟು ಬಿತ್ತು. ಕೊನೆಗೆ 2014ರ ಮಾರ್ಚ್‌ನಲ್ಲಿ ಸರ್ಕಾರವೇ ಎರಡು ರೈಲು ಕಂಪನಿಗಳಿಗೆ ವಾರಕ್ಕೆ ತಲಾ 5 ಲಕ್ಷ ಟನ್ ಸಾಗಿಸಲೇಬೇಕು ಅಂತ ಆದೇಶ ಹೊರಡಿಸಿತು. ಮಂಡಳಿಯಲ್ಲಿ ಉಳಿದಿದ್ದ ವ್ಯವಹಾರದ ಬಹುಪಾಲು 2015ರಲ್ಲಿ ಬಂಗೆ ಅನ್ನುವ ಧಾನ್ಯ ವ್ಯಾಪಾರದ ಕಂಪನಿ ಮತ್ತು ಸೌದಿ ಅರೇಬಿಯಾದ ಸರ್ಕಾರಿ ಸಂಸ್ಥೆಯೊಂದರ ಜಂಟಿ ಪಾಲಾಯಿತು. ಮೊದಲಿನಿಂದಲೂ ಮುಕ್ತವಾಗಿದ್ದ ಬೇಳೆಕಾಳಿಗೂ ಏಟು ಬಿದ್ದಿದೆ. 2017ರ ಕೊನೆಗೆ ಭಾರತ ಬಟಾಣಿಗೆ 50%, ಮಸೂರಕ್ಕೆ 30% ಆಮದು ಸುಂಕ ಹಾಕಿತು. ಆ ಚಳಿಗಾಲದಲ್ಲಿ ಇಲ್ಲಿ ಪರಿಚಯದವರೆಲ್ಲ ನನ್ನನ್ನೇ ಕೇಳುತ್ತಿದ್ದರು, ನಿಮ್ಮ ಸರ್ಕಾರಕ್ಕೆ ಏನಾಗಿದೆ ಅಂತ. ನಾನೇನೋ ಸುಂಕ ಹಾಕಿದವನ ಹಾಗೆ.

ಕೇಂದ್ರದ ಕಾನೂನು ಹೋದರೂ ಎಪಿಎಂಸಿ ಹಿಡಿತವನ್ನು ಯಾರ್ಡಿನೊಳಗೆ ಮಾತ್ರ ಉಳಿಸಿದ ಕರ್ನಾಟಕದ 2020ರ ತಿದ್ದುಪಡಿ ಹಾಗೇ ಉಳಿಯಿತು. 2023ರಲ್ಲಿ ಅದನ್ನು ತೆಗೆಯಲು ಹೊರಟಾಗ ವಿಧಾನ ಪರಿಷತ್ತಿನಲ್ಲಿ ಮತ್ತೆ ಜಗ್ಗಾಟ. ಯಾರ್ಡ್ ಒಳಗೋ ಹೊರಗೋ ಅನ್ನುವುದರಲ್ಲೇ ಎರಡೂ ಕಡೆಯವರು ಮುಳುಗಿದ್ದಾರೆ. ನಾನು ಹೊರಗಿನ ಮಾರಾಟದ ಪರ. ಆದರೆ ಕಣಕ್ಕೆ ಬರುವ ವ್ಯಾಪಾರಿ ಎಲ್ಲಿ ಲೈಸೆನ್ಸ್ ಪಡೆದಿದ್ದಾನೆ, ಎಷ್ಟು ಠೇವಣಿ ಇಟ್ಟಿದ್ದಾನೆ, ತೇವದ ಜಗಳವಾದರೆ ಕಾಳನ್ನು ಯಾರಿಗೆ ಕಳಿಸಬೇಕು, ಈ ಮೂರನ್ನು ಮೊದಲು ಕಾನೂನಿನಲ್ಲಿ ಬರೆಯಲಿ. ಬರೆದದ್ದನ್ನು ಬೆಂಗಳೂರಿನ ಟಿವಿ ಸ್ಟುಡಿಯೋದಲ್ಲಿ ಅಲ್ಲ, ನಮ್ಮೂರಿನ ಕಣದಲ್ಲಿ ನಿಂತು, ದುಡ್ಡು ಕಳೆದುಕೊಂಡವರ ಎದುರು ಓದಿ ಹೇಳಲಿ.