ಒಂದೇ ಜೆರ್ಸಿಯಲ್ಲಿ 19 ವರ್ಷ: ಮೆಚ್ಚಬೇಕಾ?

ಪರ

1990ರಲ್ಲಿ ಫ್ರಾಗಿಸ್ಕೋಸ್ ಆಲ್ವೆರ್ಟಿಸ್ ಎಂಬ 16ರ ಹುಡುಗ ಅಥೆನ್ಸ್‌ನ ಪನಾಥಿನೈಕೋಸ್ ಬ್ಯಾಸ್ಕೆಟ್‌ಬಾಲ್ ಕ್ಲಬ್ ಸೇರಿದ. 2009ರಲ್ಲಿ ತಂಡದ ನಾಯಕನಾಗಿ ಆಟ ಬಿಡುವಾಗಲೂ ಮೈಮೇಲಿದ್ದದ್ದು ಅದೇ ಹಸಿರು ಜೆರ್ಸಿ. ಅಷ್ಟರಲ್ಲಿ ಯುರೋಪಿನ ದೊಡ್ಡ ಕಪ್ 5 ಸಲ, ಗ್ರೀಕ್ ಲೀಗ್ 11 ಸಲ ಗೆದ್ದಾಗಿತ್ತು.

ಬರೀ ಕಪ್ ಎಣಿಸುತ್ತಾ ಕೂತರೆ ಮುಖ್ಯ ವಿಷಯವೇ ಕೈತಪ್ಪುತ್ತದೆ. ಆತ ಸೇರಿದಾಗ ಕ್ಲಬ್ ಲೀಗ್ ಗೆದ್ದು 6 ವರ್ಷವಾಗಿತ್ತು. ಮುಂದೆಯೂ ಬರಗಾಲವೇ. 1993ರಿಂದ 1997ರವರೆಗೆ ಸತತ 5 ಸಲ ಲೀಗ್ ಗೆದ್ದದ್ದು ಯಾರು? ಒಲಿಂಪಿಯಾಕೋಸ್. ಪಕ್ಕದ ಬಂದರು ಪಿರೇಯಸ್‌ನ ತಂಡ, ಹಸಿರು ಜೆರ್ಸಿಯವರಿಗೆ ಕಂಡರಾಗದ ಕೆಂಪು ಜೆರ್ಸಿ. ಆಲ್ವೆರ್ಟಿಸ್ ಕೈಗೆ ಮೊದಲ ಲೀಗ್ ಸಿಕ್ಕಿದ್ದು 1998ರಲ್ಲಿ. ಎಂಟು ವರ್ಷ ಕಾಯುವುದು ಸುಮ್ನೆ ಮಾತಲ್ಲ.

ಆಮೇಲೆ ತಂಡಕ್ಕೆ ಬೋದಿರೋಗಾ, ಡಯಾಮಾಂಟಿಡಿಸ್‌ರಂಥ ತಾರೆಯರು ಬಂದರು. ದೀಪದ ಬೆಳಕು ಅವರತ್ತ ತಿರುಗಿತು. ಕೊನೆಕೊನೆಗೆ ನಾಯಕನಿಗೇ ಆಡಲು ಸಿಗುತ್ತಿದ್ದ ನಿಮಿಷ ಕಮ್ಮಿಯಾಯಿತು. ಆದರೂ ಉಳಿದ. ಹೊಸ ಹುಡುಗರಿಗೆ ಮನೆಯ ರೀತಿ ರಿವಾಜು ಹೇಳಿಕೊಡಲು ಮನೆಯಲ್ಲೊಬ್ಬ ಹಿರಿಯ ಬೇಕು, ಅಲ್ವಾ? ಕ್ಲಬ್ ಆತನ 4ನೇ ನಂಬರನ್ನು ಬೇರೆ ಯಾರಿಗೂ ಕೊಡದೆ ಎತ್ತಿಟ್ಟಿದೆ. ಸರಿಯಾಗೇ ಮಾಡಿದೆ.

ವಿರೋಧ

ಎಂಟು ವರ್ಷದ ಮಾತು ಒಪ್ಪಿದೆ. ಆದರೆ ಉಳಿದ ಹನ್ನೊಂದು? ಔಷಧಿ ಕಂಪನಿಯ ಯನ್ನಾಕೋಪುಲೋಸ್ ಸಹೋದರರು ಕ್ಲಬ್‌ಗೆ ದುಡ್ಡು ಸುರಿಯುತ್ತಿದ್ದರು. 1999ರಿಂದ ಒಬ್ರಾದೊವಿಚ್‌ನಂಥ ಕೋಚ್ ಇದ್ದ. ದಿನಾ ಹಬ್ಬದೂಟ ಬಡಿಸುವ ಮನೆಯಿಂದ ಎದ್ದು ಹೋಗದವನನ್ನು ತ್ಯಾಗಿ ಅನ್ನೋದು ಸ್ವಲ್ಪ ಜಾಸ್ತಿಯೇ ಆಯಿತು.

1996ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಯುರೋಪಿಯನ್ ಕಪ್ ಬಂತಲ್ಲ, ಬಾರ್ಸಿಲೋನಾ ವಿರುದ್ಧ 67-66ರಲ್ಲಿ? ಅಲ್ಲಿ ಶ್ರೇಷ್ಠ ಆಟಗಾರ ಎನಿಸಿದವನು ಅಮೆರಿಕದ ಡೊಮಿನಿಕ್ ವಿಲ್ಕಿನ್ಸ್. ಬಂದ, ಒಂದು ಸೀಸನ್ ಆಡಿದ, ಗೆಲ್ಲಿಸಿದ, ಹೋದ. ಎಷ್ಟು ವರ್ಷ ಇದ್ದೆ ಅಂತ ಕಪ್ ಕೇಳುವುದಿಲ್ಲ.

ಸ್ಪನೂಲಿಸ್‌ನ ಕಥೆ ಇನ್ನೂ ಖಾರ. 2009ರಲ್ಲಿ ಪನಾಥಿನೈಕೋಸ್‌ಗೆ ಯುರೋಪಿನ ಕಪ್ ಗೆಲ್ಲಿಸಿದವನು 2010ರಲ್ಲಿ ನೇರ ಒಲಿಂಪಿಯಾಕೋಸ್‌ಗೆ ಹೋದ. ಹಸಿರು ಅಭಿಮಾನಿಗಳಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಎರಡೇ ವರ್ಷ. ಇಸ್ತಾನ್‌ಬುಲ್‌ನಲ್ಲಿ ಅದೇ ಕಪ್‌ನ ಫೈನಲ್, ಎದುರಿಗೆ ಮಾಸ್ಕೋದ ಸಿಎಸ್‌ಕೆಎ. ಒಲಿಂಪಿಯಾಕೋಸ್ ಒಂದು ಹಂತದಲ್ಲಿ 19 ಪಾಯಿಂಟ್ ಹಿಂದಿತ್ತು. ಕೊನೆಯ ಸೆಕೆಂಡುಗಳಲ್ಲಿ ಚೆಂಡು ಸ್ಪನೂಲಿಸ್ ಕೈಯಲ್ಲಿ. ರಕ್ಷಣೆಯವರು ಅವನ ಮೇಲೆ ಮುಗಿಬಿದ್ದರು. ಆತ ತಾನು ಹೊಡೆಯದೆ ಚೆಂಡನ್ನು ಜೊತೆ ಆಟಗಾರ ಪ್ರಿಂಟೆಜಿಸ್‌ಗೆ ದಾಟಿಸಿದ. ಪ್ರಿಂಟೆಜಿಸ್ ಒಂದೇ ಕೈಯಲ್ಲಿ ಮೆತ್ತಗೆ ಮೇಲಕ್ಕೆ ತೇಲಿಬಿಟ್ಟ. 62-61, ಕಪ್ ಒಲಿಂಪಿಯಾಕೋಸ್‌ಗೆ.

ಸ್ಪನೂಲಿಸ್ 2021ರಲ್ಲಿ ಅದೇ ತಂಡದ ನಾಯಕನಾಗಿ ನಿವೃತ್ತನಾದ. ಇನ್ನು ಪ್ರಿಂಟೆಜಿಸ್? ಆತನೂ ನಡುವೆ ಸ್ಪೇನ್‌ನ ಮಾಲಗಾಗೆ ಹೋಗಿ ಆಡಿ ಬಂದವನೇ. ಪಿರೇಯಸ್‌ನಲ್ಲಿ ಆ ಲೆಕ್ಕ ಯಾರೂ ತೆಗೆಯುವುದಿಲ್ಲ. ಆತನ 15ನೇ ನಂಬರನ್ನು ಅವರೂ ಎತ್ತಿಟ್ಟಿದ್ದಾರೆ.