ಕೆಂಪು ಅಕ್ಷರದಾಗ ಆಟಿಸಂ ಇರಂಗಿಲ್ರೀ

ಪಾಲಕರ ವಾಟ್ಸಾಪ್ ಗ್ರೂಪಿನ್ಯಾಗ ಇವತ್ತ ಮತ್ತೊಂದು ಪಿಡಿಎಫ್ ಬಿತ್ತು. ಸಣ್ಣ ಕೂಸಿನ ಮೂತ್ರದಾಗ 70 ಆರ್ಗ್ಯಾನಿಕ್ ಆಸಿಡ್ (ಮೈಯಾಗಿನ ರಾಸಾಯನಿಕ ಕೆಲಸದಾಗ ಹುಟ್ಟೂ ಆಮ್ಲ) ಅಳದಾರ, ನಾಕು ಅಂಕಿ ನಾರ್ಮಲ್ ಗಡಿ ದಾಟಿ ಕೆಂಪು ಬಂದಾವ, ಕೆಳಗ ಷರಾ: ‘ಆಟಿಸಂ ಸೂಚನೆ’. ನೋಡಿ ತಲಿ ಕೆಟ್ಟುಹೋತು.

ಆ ಕೆಂಪಿನ ಲೆಕ್ಕ ಕೇಳ್ರಿ. ಲ್ಯಾಬಿನವರು ನಾರ್ಮಲ್ ಗಡಿ ಹಾಕೋದು ಸಾಮಾನ್ಯವಾಗಿ ಆರೋಗ್ಯವಂತರೊಳಗ 100ಕ್ಕ 95 ಮಂದಿ ಒಳಗ ಬರೂವಂಗ. ಅಂದಮ್ಯಾಲ ಗಟ್ಟಿಮುಟ್ಟ ಕೂಸಿಗೂ 70 ಸಾಲಿನ್ಯಾಗ ಸರಾಸರಿ ಮೂರೂವರಿ ಕೆಂಪು ಬಂದ ಬರ್ತಾವ. ನನ್ನ ಉಚ್ಚಿ ಕಳಿಸಿದ್ರೂ ಅಷ್ಟ.

ಇನ್ನ ಸ್ಯಾಂಪಲ್. ಮುಂಜಾನೆದ್ದು ಮೊದಲನೇ ಮೂತ್ರ ಹಿಡದು ಕೂಡಲೇ ಫ್ರೀಜ್ ಮಾಡಬೇಕು. ಹುಬ್ಬಳ್ಳಿ ಏಪ್ರಿಲ್ ಬಿಸಲಾಗ ಕೊರಿಯರ್ ಡಬ್ಬಿಯೊಳಗಿನ ಐಸ್ ಪ್ಯಾಕ್ ಕರಗಿತಂದ್ರ ಬ್ಯಾಕ್ಟೀರಿಯಾ ಬೆಳದು ಆಸಿಡ್ ಪ್ರಮಾಣಾನ ಬದಲಾಗ್ತೈತಿ. ಹಿಂದಿನ ದಿನ ಸೇಬು, ದ್ರಾಕ್ಷಿ ತಿಂದಿದ್ರ ಅರಾಬಿನೋಸ್ ಅನ್ನೂ ಸಕ್ಕರಿ ಅಂಶ ಏರ್ತೈತಿ. ರಿಪೋರ್ಟ್ ಅದನ್ನ ‘ಹೊಟ್ಟಿಯೊಳಗ ಯೀಸ್ಟ್’ ಅಂತೈತಿ! ಕೆಡದಂಗ ಸೋಡಿಯಂ ಬೆಂಜೊಯೇಟ್ ಹಾಕಿದ ಜ್ಯಾಮ್ ತಿಂದ್ರ ಹಿಪ್ಯುರಿಕ್ ಆಸಿಡ್ ಜಿಗೀತೈತಿ. ಮ್ಯಾಲ ಪ್ರತಿ ಅಂಕಿನೂ ಮೂತ್ರದಾಗಿನ ಕ್ರಿಯಾಟಿನಿನ್‌ನಿಂದ (ಮಾಂಸಖಂಡದಿಂದ ಬರೂ ತ್ಯಾಜ್ಯ) ಭಾಗಿಸ್ತಾರ. ಸಣ್ಣ ಕೂಸಿಗೆ ಮಾಂಸಖಂಡ ಕಡಿಮಿ, ಕ್ರಿಯಾಟಿನಿನ್ನೂ ಕಡಿಮಿ, ಹಂಗಾಗಿ ಭಾಗಲಬ್ಧ ದೊಡ್ಡದು. ವಯಸ್ಸಿಗೆ ತಕ್ಕ ಗಡಿ ಹಾಕಲಿಲ್ಲಂದ್ರ ಮತ್ತ ಕೆಂಪು.

ಹೆವಿ ಮೆಟಲ್ ಟೆಸ್ಟಂತೂ ಕೇಳಬ್ಯಾಡ್ರಿ. ಮೊದಲ ಲೋಹ ಹೊರಗ ಹಾಕೂ ಡಿಎಂಎಸ್‌ಎ ಗುಳಿಗಿ ಕೊಟ್ಟು, ಎಲ್ಲಾರ ಮೈಯಾಗೂ ಇರೂ ಚೂರುಪಾರು ಸೀಸ, ಪಾದರಸ ಹೊರಗ ಎಳದು, ಆಮ್ಯಾಲ ಗುಳಿಗಿ ತಗೊಳ್ಳದವರ ಅಂಕಿಗೆ ಹೋಲಸ್ತಾರ. ಇದಕ್ಕ ವೈಜ್ಞಾನಿಕ ಆಧಾರ ಇಲ್ಲಂತ ಅಮೆರಿಕದ ವಿಷವೈದ್ಯರ ಸಂಘ 2010ರಾಗನ ಹೇಳೇತಿ.

‘ಹಂಗಾರ ಮೆಟಬಾಲಿಕ್ ರೋಗ ಸುಳ್ಳೇನ್ರಿ?’ ಅಂತ ಯಾರರ ಬರ್ತೀರಿ, ಗೊತ್ತೈತಿ. ಮೈಯಾಗಿನ ರಾಸಾಯನಿಕ ಕೆಲಸ ಕೆಡೂ ಆ ರೋಗ ಖರೇನ ಅದಾವ. ಅದರೊಳಗ ಒಂದಾದ, ಹುಟ್ಟಿನಿಂದ ಬರೂ ಪಿಕೆಯು ಪತ್ತೆ ಆಗದ ಉಳದ್ರ ಆಟಿಸಂ ಲಕ್ಷಣ ಕಾಣಬಹುದು. ಕಲ್ತ ಮಾತು ಹೋತು, ಫಿಟ್ಸ್ ಬಂತು, ಪದೇ ಪದೇ ವಾಂತಿ ಆತು ಅಂದ್ರ ಡಾಕ್ಟರು ಬರದ ಟೆಸ್ಟ್ ಮಾಡಸ್ರಿ. ಮಣ್ಣು ತಿನ್ನೂ ಕೂಸಿಗೆ ರಕ್ತದಾಗಿನ ಸೀಸ ನೋಡಸ್ರಿ. ಅವು ಆಯಾ ರೋಗ ಹಿಡಿಯೂ ಟೆಸ್ಟು. ಆಟಿಸಂ ಹೌದೋ ಅಲ್ಲೋ ಅವು ಹೇಳಂಗಿಲ್ಲ.

ಹೇಳೂದು ಕೂಸಿನ ನಡವಳಿಕಿ. ಕಿವಿ ಕೇಳಸ್ತೈತೋ ಇಲ್ಲೋ ಅನ್ನೂದಕ್ಕ ಮೊದಲ ಬೆರಾ ಟೆಸ್ಟ್, ಆಮ್ಯಾಲ ಇಸಾ, ಅಂದ್ರ ಆಟಿಸಂ ಅಳಿಯೂ ಭಾರತದ ಮಾಪಕ: 40 ಪ್ರಶ್ನೆ, ಒಂದೊಂದಕ್ಕ 1ರಿಂದ 5 ಅಂಕ, 70 ಇಲ್ಲಾ ಅದಕ್ಕಿಂತ ಹೆಚ್ಚು ಬಂದ್ರ ಆಟಿಸಂ. ಅಂಗವಿಕಲ ಸರ್ಟಿಫಿಕೇಟಿಗೂ ಇಸಾ ಅಂಕಾನ ಬೇಕು, ಯಾವ ಆಸಿಡ್ಡೂ ಅಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇಲ್ಲೇ ಹುಬ್ಬಳ್ಳಿ ಬಾಜೂಕ ಐತಿ. ಹೋಗೂ ಮುಂದ ಹೆಸರು ಕರದ್ರ ತಿರಗದ್ದು, ಬೆರಳು ಮಾಡಿ ತೋರಸದ್ದು, ಒಬ್ಬನ ಆಡೂದು, ಎಲ್ಲಾ ಮನ್ಯಾಗ ಮೊಬೈಲಿನ್ಯಾಗ ಹಿಡಕೊಂಡು ಹೋಗ್ರಿ. ಹೊಸಾ ಜಾಗಾದಾಗ ಕೂಸು ಬ್ಯಾರೇನ ಆಡ್ತೈತಿ.